ಗೆರೆಯಾಚೆಯಿಂದ ಖೋ ಕೊಟ್ಟ ಅಪ್ಪ

ಹೋದ ವರ್ಷ ನನ್ನ ಮೊಣಕಾಲು ಪೂರಾ ಕೈಕೊಟ್ಟ ಮೇಲೆ ಚಿತ್ತಾಪುರದ ಹುಡುಗಿಯರ ಖೋಖೋ ತಂಡವನ್ನು ಸವಿತಾಳಿಗೆ ಒಪ್ಪಿಸಿದೆ. ಅವಳು ನನ್ನ ಕೈಯಲ್ಲೇ ಆಡಿ ಬೆಳೆದವಳು. ಮೊದಲ ದಿನ ಬಂದು, ಹುಡುಗಿಯರಿಗೆ ಯಾವ ವ್ಯಾಯಾಮ ಮೊದಲು ಮಾಡಿಸಲಿ ಎಂದು ಕೇಳಿದಳು. ವ್ಯಾಯಾಮ ಹುಡುಗಿಯರಿಗೆ ಇರಲಿ, ನೀನು ನಿನ್ನ ಕಿವಿ ಗಟ್ಟಿ ಮಾಡಿಕೋ ಎಂದೆ. ಮುದುಕಿ ಚೇಷ್ಟೆ ಮಾಡುತ್ತಾಳೆ ಅಂದುಕೊಂಡು ನಕ್ಕು ಹೋದಳು. ಕೆಲವು ದಿನ ಕಳೆದ ಮೇಲೆ ಮತ್ತೆ ಬಂದಳು. ಒಂದು ತಂಬಿಗೆ ನೀರು ಗಟಗಟ ಕುಡಿದು ಕೇಳಿದಳು, "ಅಕ್ಕೋರೆ, ಹುಡುಗ್ಯಾರನ್ನ ಸಂಭಾಳಿಸ್ತೀನ್ರಿ. ಇವರ ಅಪ್ಪ-ಅವ್ವಂದಿರನ್ನ ಏನ್ ಮಾಡೋದ್ರಿ?"

ಈ ಬರಹ ಆ ಪ್ರಶ್ನೆಗೆ. ಸವಿತಾಳಿಗೂ, ಅವಳಂತೆ ಸಂಬಳವಿಲ್ಲದೆ ಸಂಜೆಯ ಬಿಸಿಲಿನಲ್ಲಿ ಸೀಟಿ ಕಟ್ಟಿಕೊಂಡು ನಿಲ್ಲಲು ಹೊರಟ ಎಲ್ಲ ತರುಣರಿಗೂ.

ನಾನು ಹಗಲು ಒಂದು ಸರ್ಕಾರಿ ಕಚೇರಿಯಲ್ಲಿ ಟೈಪು ಹೊಡೆಯುತ್ತಿದ್ದೆ. ಕಾಲೇಜಿನಲ್ಲಿದ್ದಾಗ ಖೋಖೋ ಆಡಿದ್ದೆ. ಮದುವೆಯಾಗಿ ಚಿತ್ತಾಪುರಕ್ಕೆ ಬಂದ ಮೇಲೆ ಓಡುವ ಪ್ರಸಂಗ ಬರುತ್ತಿದ್ದದ್ದು ಬಸ್ಸಿನ ಹಿಂದೆ ಮಾತ್ರ. ಒಂದು ಸಂಜೆ ಕಚೇರಿ ಮುಗಿಸಿ ಬರುವಾಗ ಶಾಲೆಯ ಬಯಲಿನಲ್ಲಿ ಹುಡುಗಿಯರು ಆಡುತ್ತಿದ್ದರು. ಒಬ್ಬಳು ಮತ್ತೆ ಮತ್ತೆ ಕಂಬದ ಕಡೆಗೇ ಓಡಿ ಸಿಕ್ಕಿಬೀಳುತ್ತಿದ್ದಳು. ನೋಡಿ ತಡೆಯಲಾಗಲಿಲ್ಲ. ಊಟದ ಡಬ್ಬಿ ನೆಲಕ್ಕಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಇಳಿದೆ. ಅಷ್ಟೇ ನನ್ನ ನೇಮಕಾತಿ. ಯಾರೂ ನೇಮಿಸದ ಕಾರಣ ಯಾರಿಗೂ ನನ್ನನ್ನು ತೆಗೆದುಹಾಕಲು ಬರುತ್ತಿರಲಿಲ್ಲ. ಈ ಕೆಲಸದ ದೊಡ್ಡ ಸುಖ ಅದು. ದುಃಖವೂ ಅದೇ. ಮೇಲಧಿಕಾರಿ ಅಂತ ಒಬ್ಬರು ಇಲ್ಲದ್ದರಿಂದ ಊರಿನವರೆಲ್ಲ ಮೇಲಧಿಕಾರಿಗಳೇ.

ಮೊದಲ ವರ್ಷಗಳಲ್ಲಿ ತಂದೆತಾಯಿ ಯಾರೂ ಬಯಲಿನ ಹತ್ತಿರ ಸುಳಿಯಲಿಲ್ಲ. ಹುಡುಗಿ ಸಂಜೆ ಎಲ್ಲೋ ಹೋಗುತ್ತಾಳೆ, ಹಸಿದು ಬರುತ್ತಾಳೆ, ಗಪ್ಪನೆ ಮಲಗುತ್ತಾಳೆ ಅಂತ ಅವರಿಗೆ ಸಮಾಧಾನವಿತ್ತು. ಕೆಟ್ಟದ್ದು ನಾವು ವಾಡಿಯಲ್ಲಿ ಒಂದು ಕಪ್ಪು ಗೆದ್ದ ದಿನ. ಹುಡುಗಿಯರು ಕಪ್ಪು ಹಿಡಿದ ಫೋಟೊ ಎಲ್ಲರ ಮೊಬೈಲಿಗೂ ಹೋಯಿತು. ಮರುದಿನ ಸಂಜೆ ಬಯಲಿನ ಅಂಚಿಗೆ ಹಾಸಿದ್ದ ಶಹಾಬಾದ ಫರಸಿ ಕಲ್ಲುಗಳ ಮೇಲೆ ಸಾಲಾಗಿ ಜನ ಕೂತಿದ್ದರು. ಮೊದಲ ವಾರ ನೋಡಿದರು. ಎರಡನೇ ವಾರದಿಂದ ಸಲಹೆ ಕೊಡಲು ಶುರು ಮಾಡಿದರು.

ಖೋಖೋ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ಎರಡು ಕಂಬಗಳ ನಡುವೆ ಎಂಟು ಮಂದಿ ಸಾಲಾಗಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಒಬ್ಬಳು ಈ ಕಡೆ ಮುಖ ಮಾಡಿದರೆ ಪಕ್ಕದವಳು ಆ ಕಡೆ. ಒಂಬತ್ತನೆಯವಳು ಎದುರು ತಂಡದವರನ್ನು ಬೆನ್ನಟ್ಟುತ್ತಾಳೆ. ಅವಳು ಹಿಂದಿನಿಂದ ಬಂದು ಬೆನ್ನು ಮುಟ್ಟಿ "ಖೋ" ಅಂದಾಗ ಮಾತ್ರ ಕೂತವಳು ಎದ್ದು ಓಡಬೇಕು. ಮುಟ್ಟದೆ ಎದ್ದರೆ ತಪ್ಪು. ತೀರ್ಪು ಕೊಡುವ ಪಂಚರು ಸೀಟಿ ಊದುತ್ತಾರೆ, ಸಿಗಬೇಕಾದವರು ಪಾರಾಗುತ್ತಾರೆ.

ಮೊದಲ ತಕರಾರು ಬಂದದ್ದು ಈರಯ್ಯ ಮುತ್ಯಾನಿಂದ. ಮೊಮ್ಮಗಳು ಭಾಗ್ಯಾಳನ್ನು ಕರೆದುಕೊಂಡು ಬಂದು, ಕೋಲಿನ ಮೇಲೆ ಗದ್ದ ಊರಿ, ಆಟ ಮುಗಿಯುವವರೆಗೂ ಕೂರುತ್ತಿದ್ದ ಸಾಧು ಮನುಷ್ಯ. ಒಂದು ಸಂಜೆ ನನ್ನನ್ನು ಬದಿಗೆ ಕರೆದರು.

"ಅಕ್ಕೋರೆ, ನಮ್ಮ ಭಾಗ್ಯಾನ ಪಶ್ಚಿಮಕ್ಕ ಮಾರಿ ಮಾಡಿ ಕುಂದ್ರಿಸಬ್ಯಾಡ್ರಿ. ಮುಳುಗೋ ಸೂರ್ಯಾನ ನೋಡ್ಕೋತ ಕುಂತ್ರ ಹುಡುಗಿ ಮುಂದ ಹೆಂಗ ಬರ್ತಾಳ?"

ನಮ್ಮ ಬಯಲಿನಲ್ಲಿ ಕಂಬಗಳು ಉತ್ತರಕ್ಕೊಂದು ದಕ್ಷಿಣಕ್ಕೊಂದು ಇದ್ದವು. ಹೀಗಾಗಿ ಅರ್ಧ ಮಂದಿ ಪೂರ್ವಕ್ಕೆ, ಅರ್ಧ ಮಂದಿ ಪಶ್ಚಿಮಕ್ಕೆ ಕೂರುತ್ತಿದ್ದರು. ಹಿರಿಯರ ಮಾತು ಅಂತ ಭಾಗ್ಯಾಳನ್ನು ಪೂರ್ವಕ್ಕೆ ತಿರುಗಿಸಿದೆ. ಆ ಜಾಗದಲ್ಲಿದ್ದ ಹುಡುಗಿ ಪಶ್ಚಿಮಕ್ಕೆ ಹೋದಳು. ಮರುದಿನ ಅವಳ ತಾಯಿ ಬಂದರು. ಅವಳನ್ನು ತಿರುಗಿಸಿದೆ. ಅದರ ಮರುದಿನ ಮತ್ತೊಬ್ಬರು. ವಾರ ಮುಗಿಯುವುದರೊಳಗೆ ಫರಸಿಯ ಮೇಲೆ ಕೂತವರೆಲ್ಲ ಪೂರ್ವವನ್ನೇ ಬೇಡುತ್ತಿದ್ದರು. ಎಂಟೂ ಮಂದಿ ಒಂದೇ ದಿಕ್ಕಿಗೆ ಕೂತರೆ ಅದು ಖೋಖೋ ಅಲ್ಲ, ಊಟದ ಪಂಕ್ತಿ.

ಶಾಸ್ತ್ರದ ಮೇಲೆ ವಾದ ಮಾಡಿದ್ದರೆ ನಾನು ಇವತ್ತಿಗೂ ಅಲ್ಲೇ ನಿಂತಿರುತ್ತಿದ್ದೆ. ಎಲ್ಲರನ್ನೂ ಕರೆದು ಹೇಳಿದೆ, "ನಿಮ್ಮ ಮಾತು ಖರೇ ಅದ. ಕಂಬಾ ಕಿತ್ತಿ ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಹುಗಸ್ತೀನಿ. ಆಗ ಅರ್ಧ ಮಂದಿ ಉತ್ತರಕ್ಕ ಕುಂದರ್ತಾರ, ಅರ್ಧ ಮಂದಿ ದಕ್ಷಿಣಕ್ಕ. ದಕ್ಷಿಣಕ್ಕ ಯಾರ ಮಗಳನ್ನ ಕುಂದ್ರಿಸ್ಲಿ, ನೀವೇ ಹೇಳ್ರಿ."

ಯಮನ ದಿಕ್ಕಿನ ಹೆಸರು ಬಂದದ್ದೇ ತಡ, ಈರಯ್ಯ ಮುತ್ಯಾ ಕೋಲಿನಿಂದ ಗದ್ದ ಎತ್ತಿ, ಹಾಂಗ ನೋಡಿದ್ರ ಪಶ್ಚಿಮನೂ ಏನು ಕೆಟ್ಟ ದಿಕ್ಕಲ್ಲ ಎಂದರು. ಸವಿತಾ, ಇದನ್ನು ನೆನಪಿಟ್ಟುಕೋ. ಪಾಲಕರ ಜೊತೆ ವಾದ ಬೇಡ. ಅವರು ಕೇಳಿದ್ದಕ್ಕಿಂತ ಕೆಟ್ಟದ್ದೊಂದನ್ನು ಗೌರವದಿಂದ ಮುಂದಿಡು.

ಕಸ್ತೂರಿಬಾಯಿಯವರದು ಬೇರೆಯೇ ರೀತಿ. ದಂಡೋತಿಯಿಂದ ಮದುವೆಯಾಗಿ ಚಿತ್ತಾಪುರಕ್ಕೆ ಬಂದವರು. ಮಗಳು ಅಶ್ವಿನಿ ನಮ್ಮ ತಂಡದಲ್ಲಿದ್ದಳು. ಆಟದ ಬಗ್ಗೆ ಅವರು ಒಂದು ಮಾತೂ ಆಡಿದವರಲ್ಲ. ಮಕ್ಕಳು ಬಡಕಲಾಗಿವೆ ಅನ್ನುವುದೊಂದೇ ಅವರ ಚಿಂತೆ. ಶಹಾಬಾದದಲ್ಲಿ ಪಂದ್ಯ ಇದ್ದ ದಿನ ದೊಡ್ಡ ಸ್ಟೀಲಿನ ಡಬ್ಬಿ ತುಂಬ ಶೇಂಗಾ ಹೋಳಿಗೆ ತಂದರು. ನಾನು ಹೆಸರು ಕೊಡಲು ಹೋಗಿ ತಿರುಗಿ ಬರುವುದರೊಳಗೆ ತಂಡಕ್ಕೆಲ್ಲ ತುಪ್ಪ ಸುರಿದು ತಿನ್ನಿಸಿಬಿಟ್ಟಿದ್ದರು. ಆಟ ಶುರುವಾಯಿತು. ಹುಡುಗಿಯರು ಕೂತರು. ಖೋ ಕೊಟ್ಟರೆ ಏಳುವವರು ಯಾರು? ಬೆನ್ನು ಮುಟ್ಟಿಸಿಕೊಂಡವಳು ನಿಧಾನಕ್ಕೆ ಹಿಂದೆ ತಿರುಗಿ ನೋಡಿ, ಕೈ ನೆಲಕ್ಕೂರಿ, ಬಾಣಂತಿಯ ಹಾಗೆ ಏಳುತ್ತಿದ್ದಳು. ಹೀನಾಯವಾಗಿ ಸೋತೆವು. ಮೈದಾನ ಇಳಿಜಾರು ಅದ ಅಂತ ಕಸ್ತೂರಿಬಾಯಿ ತೀರ್ಪು ಕೊಟ್ಟರು.

ಮುಂದಿನ ಪಂದ್ಯ ವಾಡಿಯಲ್ಲಿ. ಆಟ ಮುಗಿಯುವ ತನಕ ನಮ್ಮ ಹುಡುಗಿಯರಿಗೆ ಡಬ್ಬಿ ತೆಗೆಯಬಾರದು ಎಂದು ಅವರಿಂದ ಮಾತು ತೆಗೆದುಕೊಂಡೆ. ಮಾತಿಗೆ ತಪ್ಪದ ಹೆಂಗಸು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಆದರೆ ಎದುರಾಳಿಗಳು ಸುಲೇಪೇಟದ ಹುಡುಗಿಯರು. ನಸುಕಿನ ಬಸ್ಸಿಗೆ ಎದ್ದು ಬಂದವರು. ಪರ ಊರಿನ ಮಕ್ಕಳ ಒಣ ಮುಖ ಕಸ್ತೂರಿಬಾಯಿಯವರಿಂದ ನೋಡಲಾಗಲಿಲ್ಲ. ತಿನ್ನಿಸಬೇಡಿ ಅಂದದ್ದು ನಮ್ಮ ಹುಡುಗಿಯರಿಗೆ ತಾನೇ ಅಂತ ಡಬ್ಬಿ ಅಲ್ಲಿ ಖಾಲಿ ಮಾಡಿ ಬಂದರು. ಆ ದಿನ ನಾವು ಸರಾಗವಾಗಿ ಗೆದ್ದೆವು. ಸುಲೇಪೇಟದ ಮಾಸ್ತರರು ಬೆವರು ಒರೆಸಿಕೊಳ್ಳುತ್ತ ಬಂದು, "ನಿಮ್ಮ ತಂಡದಾಗ ಎಲ್ಲಾರ್ಕಿಂತ ಛಲೋ ಆಟಗಾರ್ತಿ ಆ ಡಬ್ಬಿ ಅಕ್ಕಾರೇ ನೋಡ್ರಿ" ಎಂದರು.

ಮೊಬೈಲು ಕೈಗೆ ಬಂದ ಮೇಲೆ ಪಂಚರ ಗೋಳು ಹೆಚ್ಚಾಯಿತು. ಮೊದಲಾದರೆ ಔಟ್ ಅಂದರೆ ಔಟ್. ಈಗ ಪ್ರತಿ ಅಪ್ಪನ ಹತ್ತಿರವೂ ಸಾಕ್ಷಿ. ಒಮ್ಮೆ ಸೇಡಂನ ಪಂದ್ಯದಲ್ಲಿ ಒಬ್ಬ ಅಪ್ಪ, ತನ್ನ ಮಗಳನ್ನು ಮುಟ್ಟಲೇ ಇಲ್ಲ ಎಂದು ಹಟ ಹಿಡಿದು ಆಟ ನಿಲ್ಲಿಸಿದ. ಎಲ್ಲ ವಿಡಿಯೋದಲ್ಲಿದೆ ಎಂದ. ಪಂಚರು ತಾಳ್ಮೆಯ ಮನುಷ್ಯ. ಮೊಬೈಲು ತೆಗೆದುಕೊಂಡು, ಬಿಸಿಲಿಗೆ ಅಂಗೈ ಅಡ್ಡ ಹಿಡಿದು, ಮೊದಲಿಂದ ಕಡೆಯವರೆಗೆ ನೋಡಿದರು. ಆತ ಅವಸರದಲ್ಲಿ ಕ್ಯಾಮೆರಾ ಉಲ್ಟಾ ಒತ್ತಿದ್ದ. ಪರದೆಯ ತುಂಬ ಅವನದೇ ಮೂಗು. ಪಂಚರು ಮೊಬೈಲು ವಾಪಸು ಕೊಟ್ಟು, "ಮುಟ್ಟಿದ್ದು ಬಿಟ್ಟದ್ದು ಏನೂ ಕಾಣವಲ್ದರಿ. ಆದ್ರ ನಿಮಗ ನೆಗಡಿ ಭಾಳ ಆಗ್ಯಾದ" ಎಂದು ಸೀಟಿ ಊದಿದರು.

ಇವರೆಲ್ಲ ಸಣ್ಣಪುಟ್ಟವರು. ನನ್ನ ಕೂದಲು ಬೆಳ್ಳಗಾಗಲು ಕಾರಣರಾದವರು ಮಲ್ಲಣ್ಣನವರು.

ಮಲ್ಲಣ್ಣ ಅಡತಿ, ಅಂದರೆ ದಲಾಲಿ ವ್ಯಾಪಾರಿ. ತೊಗರಿ ರಾಶಿಯ ಮುಂದೆ ನಿಂತು ಹರಾಜಿನ ಸವಾಲು ಕೂಗುವುದು ಅವರ ದಿನದ ಕೆಲಸ. ಲಾರಿಯ ಸದ್ದು, ಹಮಾಲರ ಗದ್ದಲ, ಎಲ್ಲದರ ಮೇಲೆ ಕೇಳಿಸಬೇಕಾದ ಕಂಠ ಅದು. ಆ ಕಂಠವನ್ನು ಅವರು ಸಂಜೆ ಹಾಗೆಯೇ ಬಯಲಿಗೆ ತರುತ್ತಿದ್ದರು. ಮಗಳು ರೇಣುಕಾ ಮಾತು ಕಡಿಮೆಯ ಹುಡುಗಿ. ಆದರೆ ಕಂಬದ ಹತ್ತಿರ ಅವಳು ಮೈ ಚಾಚಿ ಹಾರಿದರೆ ಎದುರಿನವರು ತಪ್ಪಿಸಿಕೊಂಡದ್ದನ್ನು ನಾನು ನೋಡಿದ್ದು ಅಪರೂಪ.

ಚಿಂಚೋಳಿಯ ಪಂದ್ಯ. ರೇಣುಕಾ ಸಾಲಿನ ನಡುವೆ ಕೂತಿದ್ದಳು. ಎದುರು ತಂಡದ ಹುಡುಗಿ ಅವಳ ಮುಂದೆಯೇ ಸುಳಿದಳು. ಆಗ ಗೆರೆಯಾಚೆಯಿಂದ "ಖೋ" ಎಂದು ಗುಡುಗಿದಂತೆ ಕೇಳಿಸಿತು. ರೇಣುಕಾ ಚಂಗನೆ ಎದ್ದು ಓಡಿದಳು. ಅವಳ ಬೆನ್ನ ಹಿಂದೆ ಯಾರೂ ಇರಲಿಲ್ಲ. ನಮ್ಮ ಬೆನ್ನಟ್ಟುವವಳು ಇನ್ನೂ ಆ ತುದಿಯಲ್ಲಿದ್ದಳು. ಪಂಚರು ಸೀಟಿ ಊದಿ, ಈ ಹುಡುಗಿಗೆ ಖೋ ಕೊಟ್ಟವರು ಯಾರು ಎಂದು ಕೇಳಿದರು.

ಮಲ್ಲಣ್ಣ ಕೈ ಎತ್ತಿದರು. "ನಾನ್ರಿ."

"ನೀವು ಯಾರ್ರಿ?"

"ಆಕಿ ಅಪ್ಪ."

ಖೋ ಆಟಗಾರ್ತಿಯೇ ಕೊಡಬೇಕು ಅಂತ ಪಂಚರು ಸಮಾಧಾನದಿಂದ ತಿಳಿಸಿದರು. ಮಲ್ಲಣ್ಣನವರಿಗೆ ನಿಜವಾಗಿಯೂ ನೋವಾಯಿತು. "ಹೆತ್ತ ಅಪ್ಪ ಅದೀನ್ರಿ. ಇಷ್ಟು ವರ್ಷ ಸಾಕಿದಾಂವಗ ಒಂದು ಖೋ ಕೊಡ್ಲಿಕ್ಕ ಹಕ್ಕಿಲ್ಲೇನ್ರಿ?" ಎಂದು ಸುತ್ತ ನೆರೆದವರನ್ನೆಲ್ಲ ಕೇಳಿದರು. ಕೆಲವರು ಹಕ್ಕಿದೆ ಎಂದರು. ಆಟ ಮುಗಿಯುವುದರೊಳಗೆ ಅವರು ಆ ಹಕ್ಕನ್ನು ಮತ್ತೆ ಮತ್ತೆ ಚಲಾಯಿಸಿ ನಮ್ಮನ್ನು ಸೋಲಿಸಿದರು.

ನಾನು ಅವರನ್ನು ಫರಸಿಯಿಂದ ಎಬ್ಬಿಸಿ ಬಯಲಿನ ಆ ತುದಿಯ ಬೇವಿನ ಗಿಡದ ಕೆಳಗೆ ಕೂರಿಸಿದೆ. ದೂರದಿಂದ ಕೇಳಲಿಕ್ಕಿಲ್ಲ ಅಂತ ಇನ್ನಷ್ಟು ಜೋರಾಗಿ ಕೂಗಿದರು. ಬಾಯಿ ತುಂಬ ಎಲೆ-ಅಡಿಕೆ ಹಾಕಿಕೊಳ್ಳಿ ಎಂದೆ. ಉಗುಳಿ ಬಂದು ಕೂಗಿದರು. ಕಡೆಗೆ ಕೈಮುಗಿದು, ಮುಂದಿನ ಪಂದ್ಯಕ್ಕೆ ಮನೆಯಲ್ಲೇ ಇರಿ ಎಂದು ಬೇಡಿಕೊಂಡೆ. ಪಾಪ, ಒಪ್ಪಿದರು. ನಾವು ನೆಮ್ಮದಿಯಿಂದ ಶಹಾಬಾದಕ್ಕೆ ಹೋದೆವು. ಆಟ ಒಳ್ಳೆ ರಂಗಿಗೆ ಬಂದಾಗ ಕಸ್ತೂರಿಬಾಯಿಯ ಮಡಿಲಿನಿಂದ ಅದೇ ಕಂಠ "ಖೋ" ಎಂದಿತು. ಮಲ್ಲಣ್ಣ ಮನೆಯಿಂದ ಕಸ್ತೂರಿಬಾಯಿಯ ಮೊಬೈಲಿಗೆ ವಿಡಿಯೋ ಕರೆ ಮಾಡಿ ಪೂರ್ತಿ ಆಟ ನೋಡುತ್ತಿದ್ದರು. ರೇಣುಕಾ ಎದ್ದು ಓಡಿದಳು. ಅವಳ ಹಿಂದೆ ಗಾಬರಿಯಿಂದ ಕಸ್ತೂರಿಬಾಯಿಯೂ ಎದ್ದು ನಿಂತರು.

ಮರುದಿನದಿಂದ ರೇಣುಕಾ ಬಯಲಿಗೆ ಬರಲಿಲ್ಲ.

ಎರಡು ದಿನ ನೋಡಿ ಅವರ ಮನೆಗೆ ಹೋದೆ. ಮಲ್ಲಣ್ಣ ಅಂಗಡಿಯಲ್ಲಿದ್ದರು. ಅವರ ಹೆಂಡತಿ ಚಹಾ ತಂದಿಟ್ಟು, ನಾನು ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ ಅಕ್ಕೋರೆ, ಅವರ ಮನಸ್ಸು ಮೆತ್ತಗದ, ಗಂಟಲು ಅಷ್ಟೇ ಹಂಗ ಎಂದರು. ರೇಣುಕಾ ಬಾಗಿಲ ಹಿಂದೆ ನಿಂತಿದ್ದಳು. ಬಹಳ ಹೊತ್ತು ಕರೆದ ಮೇಲೆ ಬಂದಳು.

"ಅಕ್ಕೋರೆ, ಅಪ್ಪ ಒದರಿದ್ರ ನನ್ನ ಕಾಲು ತಾವೇ ಏಳ್ತಾವ್ರಿ. ಮನ್ಯಾಗ ಹಂಗೇ ರೂಢಿ ಆಗ್ಯಾದ. ಹುಡುಗ್ಯಾರು ನನ್ನಿಂದಲೇ ಸೋತ್ವಿ ಅಂತಾರ. ಅಪ್ಪ ಬಂದ್ರ ನಾ ಬರಂಗಿಲ್ರಿ."

ಇಷ್ಟು ಉದ್ದದ ಮಾತನ್ನು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅವಳಿಗೆ ಆಟ ಬೇಡವಾಗಿರಲಿಲ್ಲ. ಹೇಳುವಾಗ ಅವಳ ಕಾಲ್ಬೆರಳು ನೆಲದ ಮೇಲೆ ಗೆರೆ ಎಳೆಯುತ್ತಿದ್ದವು. ಅಪ್ಪನನ್ನು ಗದರಿಸಿ ಕಳಿಸಿದರೆ ಮನೆಯಲ್ಲಿ ಇವಳಿಗೆ ಮುಳುವು. ಬಿಟ್ಟರೆ ಹುಡುಗಿ ಹೋಗುತ್ತಾಳೆ. ದಾರಿಯುದ್ದಕ್ಕೂ ಯೋಚಿಸುತ್ತ ಅಡತಿ ಅಂಗಡಿಗೆ ಹೋದೆ. ಮಲ್ಲಣ್ಣನವರಿಗೆ ಒಂದೇ ಮಾತು ಹೇಳಿದೆ. ರೇಣುಕಾ ಬರವಲ್ಲಳು, ಅಭ್ಯಾಸಕ್ಕೆ ಒಂದು ಆಳು ಕಡಿಮೆ ಬಿದ್ದಿದೆ, ಅವಳ ಜಾಗದಲ್ಲಿ ನೀವು ಬಂದು ಕೂರಬೇಕು.

ಅವರ ಮುಖ ಅರಳಿತು. ಇಷ್ಟು ದಿನಕ್ಕೆ ಅಕ್ಕೋರಿಗೆ ನನ್ನ ಕಿಮ್ಮತ್ತು ತಿಳೀತು ಎಂದು ಹಮಾಲರಿಗೆ ಹೇಳಿಕೊಂಡರು.

ಸಂಜೆ ಪ್ಯಾಂಟು ಮಡಿಚಿಕೊಂಡು ಬಂದು, ಹುಡುಗಿಯರ ನಡುವೆ ಸಾಲಿನಲ್ಲಿ ಕೂತರು. ಕೂರುವುದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು. ಅಭ್ಯಾಸ ಶುರುವಾಯಿತು. ಫರಸಿಯ ಮೇಲಿದ್ದವರಿಗೆ ನಾನು ಏನೂ ಹೇಳಿಕೊಟ್ಟಿರಲಿಲ್ಲ. ಆದರೆ ಅವರಿಗೂ ಇವರ ಮೇಲೆ ಹಳೆಯ ಬಾಕಿ ಇತ್ತು. ಮೊದಲು ಕಸ್ತೂರಿಬಾಯಿ, ಎಷ್ಟೋ ಸಂಕೋಚದಿಂದ, "ಖೋ" ಎಂದರು. ಮಲ್ಲಣ್ಣ ಎದ್ದುಬಿಟ್ಟರು. ನಾನು ಸೀಟಿ ಊದಿದೆ. ತಿರುಗಿ ಕೂರುವಷ್ಟರಲ್ಲಿ ಈರಯ್ಯ ಮುತ್ಯಾ ತಮ್ಮ ಸಣ್ಣ ದನಿಯಲ್ಲಿ ಇನ್ನೊಂದು ಖೋ ಬಿಟ್ಟರು. ಮತ್ತೆ ಎದ್ದರು. ಮತ್ತೆ ಸೀಟಿ. ಆಮೇಲೆ ಫರಸಿಯ ಮೇಲೆ ಹಬ್ಬವೇ ಆಯಿತು. ಎಡಕ್ಕೆ ಖೋ, ಬಲಕ್ಕೆ ಖೋ. ಮಲ್ಲಣ್ಣ ಎದ್ದು ಕೂತು, ಎದ್ದು ಕೂತು, ಬಸ್ಕಿ ಹೊಡೆದವರಂತೆ ಏದುಸಿರು ಬಿಟ್ಟು ಕಡೆಗೆ ನೆಲಕ್ಕೆ ಕುಸಿದರು.

"ಜರಾ ಗಪ್ ಕುಂದ್ರಿ ನೀವೆಲ್ಲಾರು. ನಾ ಯಾರ ಮಾತು ಕೇಳಬೇಕು?"

ಹೀಗೆಂದವರೇ ಅವರು ಪ್ಯಾಂಟಿನ ಮಣ್ಣು ಕೊಡವಿ ಮತ್ತೆ ಸಾಲಿನಲ್ಲಿ ಕುಕ್ಕರಿಸಿದರು. ತಮ್ಮ ಮಾತು ತಮ್ಮ ಕಿವಿಗೇ ಬಿದ್ದಿರಬೇಕು.

ಅಪ್ಪ ಖೋಖೋ ಆಡಲು ಕೂತಿದ್ದಾನೆ ಅನ್ನುವ ಸುದ್ದಿ ಮನೆಗೆ ಮುಟ್ಟಿ, ರೇಣುಕಾ ತಾಯಿಯ ಜೊತೆ ಬಂದು ಗೇಟಿನ ಹತ್ತಿರ ನಿಂತಿದ್ದಳು. ಬಾಯಿಗೆ ವೇಲು ಅಡ್ಡ ಹಿಡಿದು ನಗುತ್ತಿದ್ದಳು. ನಾನು ಕರೆಯಲಿಲ್ಲ. ತಾನೇ ವೇಲು ಸೊಂಟಕ್ಕೆ ಬಿಗಿದು ಒಳಗೆ ಬಂದು, ನಾ ಬೆನ್ನಟ್ಟಲೇನ್ರಿ ಎಂದು ಕೇಳಿದಳು. ಕಂಬ ಸುತ್ತಿ ಓಡಿ ಬಂದು ಅಪ್ಪನ ಬೆನ್ನ ಮೇಲೆ ಅಂಗೈ ಇಟ್ಟು ಮೆಲ್ಲಗೆ "ಖೋ" ಎಂದಳು.

ಮಲ್ಲಣ್ಣ ಏಳಲಿಲ್ಲ. ಕತ್ತು ತಿರುಗಿಸಿ ಕೇಳಿದರು, "ಇದು ಖರೇ ಖೋ ಏನವ್ವಾ?"

"ಖರೇ ಅದ. ಏಳಪ್ಪಾ."

ಎದ್ದರು. ಓಡಬಾರದ ದಿಕ್ಕಿಗೆ ಓಡಿ ಕಂಬವನ್ನು ಅಪ್ಪಿಕೊಂಡು ನಿಂತರು. ಫರಸಿಯ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರೂ ನಕ್ಕರು. ಆಟ ಮುಗಿದ ಮೇಲೆ ನೀರು ಕುಡಿಯುತ್ತ ನನ್ನ ಹತ್ತಿರ ಬಂದು, ಕೂತಾಗ ಹಿಂದಿನದು ಏನೂ ಕಾಣುವುದಿಲ್ಲ, ಬರೀ ಕೇಳಿಸುತ್ತದೆ ಅಲ್ಲವೇ ಎಂದರು. ಹೌದು ಎಂದೆ. ತಂಬಿಗೆ ಕೆಳಗಿಟ್ಟು, ಒದರದೆ ಇರಲು ನನಗೆ ಬರುವುದಿಲ್ಲ ಅಕ್ಕೋರೆ, ಅದು ಉಸಿರಿದ್ದಂಗ, ಆದರೂ ನೋಡುತ್ತೇನೆ ಎಂದು ಕುಂಟುತ್ತ ಮನೆಗೆ ಹೋದರು.

ಸೇಡಂನಲ್ಲಿ ಆ ವರ್ಷದ ಕಡೆಯ ಪಂದ್ಯಾವಳಿ. ಪ್ಯಾಸೆಂಜರ್ ರೈಲಿಗೆ ಎಲ್ಲರೂ ಹೋದೆವು. ಆಟ ಶುರುವಾಗುವ ಮುಂಚೆ ಮಲ್ಲಣ್ಣ ಹೊಸ ಟವೆಲ್ ತೆಗೆದು ಬಾಯಿಗೆ ಸುತ್ತಿಕೊಂಡು, ಹಿಂದೆ ಗಂಟು ಹಾಕಲು ಕಸ್ತೂರಿಬಾಯಿಗೆ ಹೇಳಿದರು. ಹೋಳಿಗೆಯ ಡಬ್ಬಿ ಕಟ್ಟಿ ಪಳಗಿದ ಕೈ, ಬಿಗಿಯಾಗಿಯೇ ಹಾಕಿದರು. ಆಟ ನೋಡಲು ಕೋಡ್ಲಾದಿಂದ ಬಂದಿದ್ದ ಒಬ್ಬರು, ಹಲ್ಲುನೋವು ಅಂದುಕೊಂಡು ಜೇಬಿನಿಂದ ಲವಂಗ ತೆಗೆದುಕೊಟ್ಟರು. ಮಲ್ಲಣ್ಣ ಕೈಮುಗಿದು ತೆಗೆದುಕೊಂಡರು.

ಅವತ್ತು ನಾನು ಆಟದಷ್ಟೇ ಅವರನ್ನೂ ನೋಡಿದೆ. ಮುಖ ಕೆಂಪಾಯಿತು. ಕತ್ತಿನ ನರ ಉಬ್ಬಿದವು. ಪಕ್ಕದಲ್ಲಿದ್ದ ಈರಯ್ಯ ಮುತ್ಯಾನ ಕೋಲು ಕಿತ್ತುಕೊಂಡು ನೆಲ ಗುದ್ದಿದರು. ಒಮ್ಮೆ ರೇಣುಕಾಳ ಮುಂದೆಯೇ ಎದುರು ತಂಡದವಳು ಸುಳಿದಾಗ ಟವೆಲ್ಲಿನೊಳಗಿಂದ ಕುಕ್ಕರಿನ ಸದ್ದಿನಂಥದ್ದೊಂದು ಬಂತು. ರೇಣುಕಾ ಅಲ್ಲಾಡಲಿಲ್ಲ. ಬೆನ್ನಿಗೆ ಕೈ ಬೀಳುವ ತನಕ ಕೂತೇ ಇದ್ದಳು. ಬಿದ್ದದ್ದೇ ತಡ, ಎದ್ದು, ಕಂಬದವರೆಗೂ ಬೆನ್ನಟ್ಟಿ, ಮೈ ಚಾಚಿ ಹಾರಿ ಕಡೆಯವಳನ್ನು ಮುಟ್ಟಿದಳು. ಅಷ್ಟರಲ್ಲಿ ವೇಳೆ ಮುಗಿದ ಸೀಟಿ ಬಿತ್ತು. ಗೆದ್ದಿದ್ದೆವು.

ನಮ್ಮವರೆಲ್ಲ ಕುಣಿದು ಕೂಗಿದರು. ಮಲ್ಲಣ್ಣನವರ ಗಂಟು ಮಾತ್ರ ಬಿಚ್ಚಲಿಲ್ಲ. ಇಬ್ಬರು ಹಿಡಿದು ಎಳೆದು, ಕಡೆಗೆ ಹಲ್ಲಿನಿಂದ ಕಚ್ಚಿ ಬಿಚ್ಚುವ ಹೊತ್ತಿಗೆ ಎಲ್ಲರ ಕೂಗಾಟ ಮುಗಿದು ಜನ ಚಹಾದಂಗಡಿಯ ಕಡೆ ಹೊರಟಿದ್ದರು.

ವಾಪಸು ರೈಲಿನಲ್ಲಿ ಅವರು ಮಗಳ ಎದುರಿಗೆ ಕೂತರು. ಅವಳು ಏನಾದರೂ ಹೇಳುತ್ತಾಳೆ ಎಂದು ಮುಖ ಮುಖ ನೋಡಿದರು. ಅವಳು ಭಾಗ್ಯಾಳ ಜೊತೆ ಶೇಂಗಾ ಸುಲಿದು ತಿನ್ನುತ್ತಿದ್ದಳು. ಕಡೆಗೆ ತಡೆಯಲಾರದೆ ಅವರೇ ಬಾಯಿಬಿಟ್ಟರು.

"ಇವತ್ತ ನಾ ಒಂದು ಮಾತು ಒದರಲಿಲ್ಲ. ನೋಡಿದಿ ಇಲ್ಲೋ?"

ರೇಣುಕಾ ಸುಲಿಯುವುದನ್ನು ನಿಲ್ಲಿಸಿ ಯೋಚಿಸಿದಳು. "ಇಲ್ಲಪ್ಪಾ. ಆಟದಾಗ ನೀ ಇದ್ದದ್ದೇ ನೆನಪಾಗಲಿಲ್ಲ."

ಮಲ್ಲಣ್ಣನವರ ಮುಖ ಇಳಿಯಿತು. ಟವೆಲ್ ಮಡಿಚಿದರು, ಬಿಚ್ಚಿದರು, ಕಿಟಕಿಯ ಹೊರಗೆ ನೋಡಿದರು. ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವರ ಮುಖದ ಮೇಲೆ ನಿಧಾನಕ್ಕೆ ನಗು ಮೂಡಿತು. ಪಕ್ಕದಲ್ಲಿದ್ದವರ ಭುಜ ತಟ್ಟಿದರು. ಅಲ್ಲಿಂದ ಚಿತ್ತಾಪುರ ಬರುವ ತನಕ ಬೋಗಿಯಲ್ಲಿ ಒಬ್ಬರನ್ನೂ ಬಿಡಲಿಲ್ಲ. ಶೇಂಗಾ ಮಾರುವವನಿಗೂ, ಬಾಗಿಲಲ್ಲಿ ನಿಂತವರಿಗೂ, ನಿದ್ದೆಯಲ್ಲಿದ್ದ ಒಬ್ಬ ಮುದುಕಿಯನ್ನು ಎಬ್ಬಿಸಿಯೂ, ಲೋಕದ ಯಾವ ಅಪ್ಪನಿಗೂ ಸಿಗದ ಕಪ್ಪು ತಮಗೆ ಸಿಕ್ಕಿತೆಂಬಂತೆ ಹೇಳಿದ್ದೇ ಹೇಳಿದರು: "ನಮ್ಮ ಹುಡುಗಿ ಇವತ್ತ ನನ್ನ ಮರ್ತೇಬಿಟ್ಟಿದ್ಳು ನೋಡ್ರಿ."